ಸೂತಕದ ಪ್ಲೇಟು

ಪುತ್ತೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನಗೊಂದು ಸ್ಟುಡಿಯೋ ಇತ್ತು. ಸ್ಟುಡಿಯೋ ಎಂದರೆ ಒಂದೂವರೆ ಕೋಣೆ. ಮುಂದಿನ ಕೋಣೆಯಲ್ಲಿ ಅರಮನೆಯ ಚಿತ್ರ ಬರೆದ ಪರದೆ, ಒಂದು ಕುರ್ಚಿ, ಕಾಗದದ ಹೂವಿನ ಹೂದಾನಿ. ಹಿಂದಿನ ಅರ್ಧ ಕೋಣೆಯಲ್ಲಿ ಕೆಂಪು ದೀಪ, ಮೂರು ತಟ್ಟೆ, ಒಂದು ಬಾಲ್ದಿ ನೀರು. ಹೊರಗೆ ಬಾಗಿಲಿಗಿಂತ ಅಗಲವಾದ ಬೋರ್ಡು. ಮೂಗಿಗಿಂತ ಮೂಗುತಿ ಭಾರ ಎಂದು ಪಕ್ಕದ ಸೈಕಲ್ ಅಂಗಡಿಯ ಕಾಕ ದಿನಕ್ಕೊಮ್ಮೆಯಾದರೂ ನಗುತ್ತಿದ್ದರು. ಕಾಕ ನನಗಿಂತ ಹದಿನೈದು ವರ್ಷ ದೊಡ್ಡವರು, ಬ್ಯಾರಿ ಮುಸ್ಲಿಂ ಮನೆತನದವರು. ನನ್ನ ಮೇಲೆ ನಗುವ ಅಧಿಕಾರವನ್ನು ನಾನು ಅವರೊಬ್ಬರಿಗೆ ಮಾತ್ರ ಕೊಟ್ಟಿದ್ದೆ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಕಡೆಯ ಜನ ಜೀವಮಾನದಲ್ಲಿ ಎರಡು ಸಲ ಫೋಟೋ ತೆಗೆಸಿಕೊಳ್ಳುತ್ತಿದ್ದರು: ಮದುವೆಯಾದಾಗ ಮತ್ತು ಸತ್ತಾಗ. ಎಷ್ಟೋ ಮಂದಿಗೆ ಎರಡನೆಯದು ಮಾತ್ರ. ಹೆಣವನ್ನು ಸ್ನಾನ ಮಾಡಿಸಿ, ಒಳ್ಳೆಯ ಬಟ್ಟೆ ಉಡಿಸಿ, ಅಂಗಳದಲ್ಲಿ ಕುರ್ಚಿಯ ಮೇಲೆ ಕುಳ್ಳಿರಿಸುವರು. ಹಿಂದೆ ಒಂದು ಬಿಳಿ ವೇಷ್ಟಿ ಕಟ್ಟಿ, ಅದರ ಮರೆಯಲ್ಲಿ ಮನೆಯವರೊಬ್ಬರು ನಿಂತು, ಬಟ್ಟೆಯ ಸಂದಿನಿಂದ ಕೈ ತೂರಿಸಿ ತಲೆ ಬೀಳದ ಹಾಗೆ ಹಿಡಿದುಕೊಳ್ಳುವರು. ನಾನು ಕ್ಯಾಮರಾದ ಕರಿಬಟ್ಟೆಯೊಳಗೆ ತಲೆ ಹಾಕಿ ನೋಡುವುದು, ಲೆನ್ಸಿನ ಮುಚ್ಚಳ ತೆಗೆಯುವುದು, ಮುಚ್ಚುವುದು. ಆಮೇಲೆ ಹಿಡಿದ ಕೈಯನ್ನು ಸ್ಟುಡಿಯೋದಲ್ಲಿ ತಿದ್ದಿ ಅಳಿಸುವುದು. ಈ ಕೆಲಸದಿಂದಲೇ ನನ್ನ ಹೊಟ್ಟೆ ತುಂಬುತ್ತಿತ್ತು, ಈ ಕೆಲಸವನ್ನು ಕಂಡರೇ ನನಗೆ ಆಗುತ್ತಿರಲಿಲ್ಲ.

ನಾನು ಕೆಲಸ ಕಲಿತದ್ದು ಮಂಗಳೂರಿನಲ್ಲಿ, ಒಬ್ಬ ಮುದುಕರ ಹತ್ತಿರ. ಅವರದ್ದೊಂದು ಕಟ್ಟಳೆ ಇತ್ತು. ಸತ್ತವರ ಫೋಟೋ ತೆಗೆದ ಗಾಜಿನ ಪ್ಲೇಟಿಗೆ ಅವರು ಸೂತಕದ ಪ್ಲೇಟು ಎನ್ನುತ್ತಿದ್ದರು. ಅದನ್ನಿಟ್ಟು ಕ್ಯಾಮರಾಕ್ಕೆ ಸೇರಿಸುವ ಮರದ ಸ್ಲೈಡಿಗೆ ಕರಿ ನೂಲು ಸುತ್ತಿ ಗಂಟು ಹಾಕಬೇಕು, ಬದುಕಿದವರ ಪ್ಲೇಟಿನ ಜೊತೆ ಒಂದೇ ಚೀಲದಲ್ಲಿ ಇಡಬಾರದು, ಅದೇ ದಿನ ಮನೆಗೆ ಬಂದು ಸ್ನಾನ ಮಾಡಿ ಅದನ್ನು ಮದ್ದಿನಲ್ಲಿ ತೊಳೆದು ಚಿತ್ರ ಮೂಡಿಸಿ ಮುಗಿಸಬೇಕು, ಅದಕ್ಕೆ ಮುಂಚೆ ಬೇರೊಂದು ಫೋಟೋ ತೆಗೆಯಲೇಬಾರದು. ನಾನು ಎರಡಕ್ಷರ ಕಲಿತವನು. ಗಾಜಿಗೆ ಎಂತ ಸೂತಕ ಎಂದು ಬೆನ್ನ ಹಿಂದೆ ನಗಾಡಿದ್ದೆ. ಸ್ವಂತ ಸ್ಟುಡಿಯೋ ಇಟ್ಟ ದಿನವೇ ಆ ನೂಲಿನ ಉಂಡೆಯನ್ನು ಬಿಸಾಡಿದೆ.

ನನಗೆ ಬೇಕಾಗಿದ್ದದ್ದು ಗುಡ್ಡ, ಮೋಡ, ಮರ, ಬೆಳಕು. ಆ ವರ್ಷ ಮಂಗಳೂರಿನಲ್ಲಿ ಪ್ರಕೃತಿ ದೃಶ್ಯಗಳದೊಂದು ಪ್ರದರ್ಶನವಿದೆ, ಫೋಟೋ ಕಳುಹಿಸಬಹುದು ಎಂದು ಗೊತ್ತಾದಾಗ ನನ್ನ ಕಾಲು ನೆಲದಲ್ಲಿ ನಿಲ್ಲಲಿಲ್ಲ. ಕುಮಾರಪರ್ವತದ ಕಾಲುದಾರಿಯಲ್ಲಿ, ಕಾಡು ಮುಗಿದು ಹುಲ್ಲು ಶುರುವಾಗುವ ಎತ್ತರದಿಂದ, ಸಂಜೆಯ ಮಂಜಿನಲ್ಲಿ ಶೇಷಪರ್ವತದ ಸಾಲನ್ನು ತೆಗೆಯಬೇಕು. ಇದು ನನ್ನ ತಲೆಯಲ್ಲಿ ಎಷ್ಟೋ ದಿನದಿಂದ ಕೂತಿದ್ದ ಚಿತ್ರ. ಕಾಕ ಪ್ರಾಯದ ಕಾಲದಲ್ಲಿ ಏಲಕ್ಕಿ ವ್ಯಾಪಾರಕ್ಕೆಂದು ಆ ದಾರಿಯಲ್ಲಿ ಘಟ್ಟ ಹತ್ತಿ ಇಳಿದವರು. ನಾನು ಕೇಳಿದಾಗ ತಲೆ ಕೆರೆದುಕೊಂಡರು.

"ಮಂಜಿನ ಫೋಟೋ ತೆಗೆದು ಎಂತ ಮಾಡುದು? ಎಂತದೂ ಕಾಣದ್ದನ್ನು ನೋಡ್ಲಿಕ್ಕೆ ಯಾರು ಬರ್ತಾರೆ ಮಾರಾಯ್ರೆ?" ಎಂದರು. ಆದರೂ ಅಂಗಡಿಗೆ ಬೀಗ ಹಾಕಿ ಹೊರಟರು.

ದೀಪಾವಳಿ ಕಳೆದು ಹದಿನೈದು ದಿನವಾಗಿರಬೇಕು. ಆಗ ಪ್ಲೇಟು ಸಿಗುವುದೇ ಕಷ್ಟ. ನನ್ನ ಬಳಿ ಇದ್ದದ್ದು ಆರು. ಮೂರು ಸ್ಲೈಡುಗಳು, ಒಂದೊಂದರಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಎರಡೆರಡು ಪ್ಲೇಟು. ಸ್ಲೈಡುಗಳು ಹಳೆಯವು, ಅವುಗಳ ನಂಬರಿನ ಹಿತ್ತಾಳೆ ಬಿಲ್ಲೆಗಳು ಯಾವಾಗಲೋ ಉದುರಿಹೋಗಿದ್ದವು. ತೆಗೆದಾದ ಬದಿಗೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುವುದು ನನ್ನ ಲೆಕ್ಕ. ಗೀಟಿದ್ದರೆ ಮುಗಿದದ್ದು, ಇಲ್ಲದಿದ್ದರೆ ಹೊಸತು.

ಬಸ್ಸು ಆಲಂಕಾರಿನಲ್ಲಿ ನಿಂತಾಗ ಒಬ್ಬರು ನಡುವಯಸ್ಸಿನ ಗೃಹಸ್ಥರು ಬಸ್ಸಿನ ಮೇಲಿದ್ದ ನನ್ನ ಮೂರು ಕಾಲಿನ ಸ್ಟ್ಯಾಂಡನ್ನು ನೋಡಿ ಓಡಿಬಂದರು. ಹೆಗಲ ಮೇಲಿನ ಬೈರಾಸು ಬಾಯಿಗೆ ಒತ್ತಿಕೊಂಡಿದ್ದರು. ನನ್ನನ್ನು ಕರೆಯಲೆಂದೇ ಪುತ್ತೂರಿಗೆ ಹೊರಟವರಂತೆ. ಅವರ ಹಿರಿಯ ಮಗಳು ಹಿಂದಿನ ಸಂಜೆ ಜ್ವರದಲ್ಲಿ ತೀರಿಕೊಂಡಿದ್ದಳು. ಹತ್ತೊಂಬತ್ತು ವರ್ಷ. ಮಾಘದಲ್ಲಿ ಮದುವೆ ಎಂದು ನಿಶ್ಚಯವಾಗಿತ್ತು. ಗಂಡಿನ ಕಡೆಯವರು ಮನೆಗೆ ಬಂದು ನೋಡಿಯೇ ಒಪ್ಪಿದ್ದರಿಂದ ಫೋಟೋ ಬೇಕಾಗಿರಲಿಲ್ಲ.

"ಅವಳದ್ದು ಒಂದೇ ಒಂದು ಫೋಟೋ ಇಲ್ಲ ನಮ್ಮಲ್ಲಿ. ದೇವರು ಕಳಿಸಿದ ಹಾಗೆ ಬಂದಿರಿ" ಎಂದು ಅವರು ನನ್ನ ಕೈ ಹಿಡಿದರು.

ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು ಆರು ಹೋಗಿ ಐದಾಯಿತು ಎಂಬ ಸಿಟ್ಟು. ಮುಖದಲ್ಲಿ ತೋರಿಸಲಿಲ್ಲ, ಕಾಕನ ಜೊತೆ ಇಳಿದು ಹೋದೆ.

ಅಂಗಳದಲ್ಲಿ ಕುರ್ಚಿ ಇಟ್ಟಾಗಿತ್ತು. ಮದುವೆಗೆಂದು ತಂದಿಟ್ಟ ಸೀರೆಯನ್ನೇ ಉಡಿಸಿದ್ದರು. ಹಿಂದೆ ನಿಂತು ತಲೆ ಹಿಡಿದವರು ತಾಯಿ. ಬೇರೆ ಯಾರಾದರೂ ಹಿಡಿಯುತ್ತೇವೆ ಎಂದು ಹೆಂಗಸರು ಎಷ್ಟು ಹೇಳಿದರೂ ಅವರು ಬಿಡಲಿಲ್ಲ. ಕರಿಬಟ್ಟೆಯೊಳಗಿಂದ ನೋಡುವಾಗ ಹುಡುಗಿಯ ಬಲಕಿವಿಯ ಪಕ್ಕದಲ್ಲಿ ತಾಯಿಯ ನಾಲ್ಕು ಬೆರಳುಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

"ಕೈ ಕಾಣ್ತದೆ ಅಮ್ಮ. ಅಡ್ಡಿಯಿಲ್ಲ, ಆಮೇಲೆ ತಿದ್ದಿ ತೆಗೀತೇನೆ" ಎಂದೆ.

ವೇಷ್ಟಿಯ ಹಿಂದಿನಿಂದ ಅವರ ಸ್ವರ ಬಂತು. "ಬೇಡ. ಅಳಿಸಬೇಡಿ. ನನ್ನ ಕೈ ಇರ್ಲಿ. ಅವಳಿಗೆ ಒಬ್ಬಳೇ ಕೂತು ಅಭ್ಯಾಸ ಇಲ್ಲ."

ಆಯಿತು ಎಂದು ಮಾತು ಕೊಟ್ಟೆ. ಇಂಥ ಕಡೆ ಎರಡು ಪ್ಲೇಟು ತೆಗೆಯುವುದು ಕ್ರಮ, ಒಂದು ಕೆಟ್ಟರೆ ಒಂದಿರಲಿ ಎಂದು. ನಾನು ಒಂದೇ ತೆಗೆದೆ. ಕುಳಿತವರ ಚಿತ್ರವಾದ್ದರಿಂದ ಪ್ಲೇಟನ್ನು ಉದ್ದಕ್ಕೆ ನಿಲ್ಲಿಸಿದ್ದೆ. ಬಿಸಿಲು ಚೆನ್ನಾಗಿತ್ತು. ಸ್ಲೈಡಿಗೆ ಗೀಟು ಎಳೆದು ಚೀಲಕ್ಕೆ ಹಾಕಿದೆ. ಹದಿಮೂರನೆಯ ದಿನದ ಬೊಜ್ಜದ ಊಟಕ್ಕೆ ತಂದುಕೊಡುತ್ತೇನೆಂದು ತಂದೆಗೆ ಹೇಳಿ ಹೊರಟೆ.

ರಸ್ತೆಗೆ ಬಂದಾಗ ಕಾಕ ನಿಂತರು. "ವಾಪಸು ಹೋಗುವ. ಮೊದಲು ಅದನ್ನು ತೊಳೆದು ಕೊಡಿ. ಗುಡ್ಡ ಎಲ್ಲಿಗೂ ಓಡಿ ಹೋಗುದಿಲ್ಲ."

"ಪ್ರದರ್ಶನದ ದಿನ ಓಡಿ ಹೋಗ್ತದೆ" ಎಂದೆ.

"ನೂಲು ಕಟ್ಟುದು ಅಂತ ಒಂದು ಉಂಟಂತಲ್ಲ ನಿಮ್ಮ ಮಂಗಳೂರಿನವರದ್ದು?"

"ನೀವೂ ಶುರು ಮಾಡಿದ್ರಾ?" ಎಂದು ರೇಗಿದೆ. ಕಾಕ ಸ್ಟ್ಯಾಂಡನ್ನು ಹೆಗಲಿಗೇರಿಸಿಕೊಂಡರು. ನನ್ನ ಮೂಗಿನ ತುದಿಯಲ್ಲಿ ಯಾವಾಗಲೂ ಸಿಟ್ಟು ಎಂಬುದು ಓಣಿಗೆಲ್ಲ ಗೊತ್ತಿತ್ತು.

ಸುಬ್ರಹ್ಮಣ್ಯದಲ್ಲಿ ನಾನು ಛತ್ರದಲ್ಲಿ, ಕಾಕ ಪರಿಚಯದವರ ಅಂಗಡಿಯ ಜಗಲಿಯಲ್ಲಿ ಮಲಗಿ, ಮರುದಿನ ಬೆಳಗಾಗುವಾಗ ಹತ್ತಲು ತೊಡಗಿದೆವು. ಕ್ಯಾಮರಾ ನನ್ನ ಬೆನ್ನಿಗೆ, ಸ್ಟ್ಯಾಂಡ್ ಅವರ ಹೆಗಲಿಗೆ. ಕಾಡಿನೊಳಗಿನ ದಾರಿ ಬೇರುಗಳ ಮೇಲೇ ಹೋಗುತ್ತದೆ. ಜಿಗಣೆಗಳು ಇನ್ನೂ ಇದ್ದವು. ಕಾಕ ಸುಣ್ಣ ಕಲಸಿದ ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದರು, ಅದನ್ನು ಕಾಲಿಗೆ ಒತ್ತಿಕೊಳ್ಳುತ್ತ ನಡೆದೆವು. ಹುಲ್ಲುಗಾವಲಿಗೆ ಬಂದಾಗ ಮಧ್ಯಾಹ್ನ. ಅಲ್ಲಿಗೆ ಬರುವುದಕ್ಕೂ ಕೆಳಗಿನಿಂದ ಮಂಜು ಎದ್ದು ಬರುವುದಕ್ಕೂ ಸರಿಯಾಯಿತು.

ಮಂಜೆಂದರೆ ಅದು ದೂರದಿಂದ ನೋಡಲು ಚಂದ. ಒಳಗೆ ನಿಂತವನಿಗೆ ಅದು ಒದ್ದೆ ಮಾತ್ರ. ರೆಪ್ಪೆಯಿಂದ ನೀರು ತೊಟ್ಟಿಕ್ಕುತ್ತದೆ, ಕರಿಬಟ್ಟೆ ನೆನೆದು ಕಂಬಳಿಯಷ್ಟು ಭಾರವಾಗುತ್ತದೆ, ಲೆನ್ಸನ್ನು ಒರೆಸಿ ತಲೆ ಎತ್ತುವಷ್ಟರಲ್ಲಿ ಮತ್ತೆ ಮಬ್ಬು. ಎದುರಿನ ಬೆಟ್ಟ ಒಮ್ಮೆ ಭುಜ ತೋರಿಸುತ್ತಿತ್ತು, ಒಮ್ಮೆ ಅದೂ ಇಲ್ಲ. ಪ್ರತಿ ಸಲ ಈಗ ತೆರೆಯಿತು ಎಂದು ಮುಚ್ಚಳ ತೆಗೆದೆ, ತೆಗೆದ ಕೂಡಲೇ ಮುಚ್ಚಿಕೊಂಡಿತು. ಹೀಗೆ ಆತುರದಲ್ಲಿ ನಾಲ್ಕು ಪ್ಲೇಟು ಕಳೆದೆ. ಇನ್ನುಳಿದದ್ದು ಒಂದೇ ಸ್ಲೈಡು. ಅದರ ಒಂದು ಬದಿಯಲ್ಲಿ ಹುಡುಗಿ, ಇನ್ನೊಂದು ಬದಿಯಲ್ಲಿ ಹೊಸ ಪ್ಲೇಟು.

ಹೊತ್ತು ಇಳಿಯುತ್ತಿತ್ತು. ಕೆಳಗೆ ಗದ್ದೆಯ ಬಳಿ ದನ ಮೇಯಿಸುವವರ ಗುಡಿಸಲೊಂದಿತ್ತು, ಕತ್ತಲಾಗುವ ಮೊದಲು ಅಲ್ಲಿಗೆ ತಲಪಬೇಕು ಎಂದು ಕಾಕ ಎರಡು ಸಲ ಹೇಳಿದರು. ನಾನು ಅಲುಗಲಿಲ್ಲ. ಆಗ ತೆರೆಯಿತು. ಯಾರೋ ಪಕ್ಕಕ್ಕೆ ಸರಿಸಿದ ಹಾಗೆ ಮಂಜು ಎರಡಾಯಿತು. ಶೇಷಪರ್ವತದ ಸಾಲು ಪೂರ್ತಿ ನಿಂತಿತ್ತು, ಅದರ ನೆತ್ತಿಯಲ್ಲಿ ಕೊನೆಯ ಬೆಳಕು, ಕೆಳಗೆ ಇಳಿಜಾರಿನ ಕಾಡು ಕಪ್ಪಾಗಿ, ನಮ್ಮ ಎದುರಿಗೆ ಒಂದು ಒಣಮರ. ಅಂಥದ್ದನ್ನು ನಾನು ಮತ್ತೆ ನೋಡಿಲ್ಲ.

ಸ್ಲೈಡನ್ನು ಚೀಲದಿಂದ ಎಳೆದೆ. ಚೀಲ ನೆನೆದು ಸ್ಲೈಡೂ ಒದ್ದೆಯಾಗಿತ್ತು. ಒದ್ದೆ ಸ್ಲೈಡನ್ನು ಕ್ಯಾಮರಾಕ್ಕೆ ಹಾಕಬಾರದು. ಬೈರಾಸಿನಿಂದ ಈ ಬದಿ ಆ ಬದಿ ಗಸಗಸ ಒರೆಸಿದೆ. ಒರೆಸಿ ಮುಗಿದ ಮೇಲೆ ನೋಡುತ್ತೇನೆ, ಬೈರಾಸಿನಲ್ಲಿ ಬಿಳಿ ಕಲೆ. ಸ್ಲೈಡಿನ ಎರಡೂ ಬದಿಯಲ್ಲಿ ಗೀಟಿಲ್ಲ. ಹುಡುಗಿ ಇರುವ ಬದಿಗೇ ಮತ್ತೆ ಬೆಳಕು ಬಿಟ್ಟರೆ ಒಂದರ ಮೇಲೊಂದು ಚಿತ್ರ ಬೀಳುತ್ತದೆ.

ಕಾಕ ನನ್ನ ಮುಖ ನೋಡಿಯೇ ತಿಳಿದುಕೊಂಡರು. "ಯಾವ ಬದಿ?"

"ಗೊತ್ತುಂಟು."

"ಗೊತ್ತಿಲ್ಲ ನಿಮಗೆ. ಬೇಡ. ಬಿಡಿ ಅದನ್ನು. ನಾಳೆ ಬರುವ, ನಾಡಿದ್ದು ಬರುವ, ನಾನೇ ಕರ್ಕೊಂಡು ಬರ್ತೇನೆ" ಎಂದು ಅವರು ಸ್ಟ್ಯಾಂಡಿನ ಕಾಲು ಹಿಡಿದರು.

ಬೆಳಕು ಹೋಗುತ್ತಿತ್ತು. ಮರದ ಗಂಟು ಇರುವ ಬದಿ ಹೊಸತು ಎಂದು ಮನಸ್ಸು ಹೇಳಿತು. ಮನಸ್ಸು ಹೇಳಿದ್ದಲ್ಲ, ಆಸೆ ಹೇಳಿದ್ದು. ಅರ್ಧಕ್ಕರ್ಧ ಎಂಬುದು ಆ ಗಳಿಗೆಯಲ್ಲೂ ನನಗೆ ಗೊತ್ತಿತ್ತು. ಕಾಕನ ಕೈ ತಳ್ಳಿ, ಸ್ಲೈಡನ್ನು ಅಡ್ಡಕ್ಕೆ ಸೇರಿಸಿ, ಮುಚ್ಚಳ ತೆಗೆದು ಎಂಟರವರೆಗೆ ಎಣಿಸಿದೆ. ಮುಚ್ಚಿದೆ. ಮಂಜು ಮತ್ತೆ ಕೂಡಿಕೊಂಡಿತು. ಕಾಕ ಸ್ಟ್ಯಾಂಡನ್ನು ಮಡಚಿ ಹೆಗಲಿಗಿಟ್ಟು ನನಗಿಂತ ಮುಂದಾಗಿ ಗುಡಿಸಲಿನ ದಾರಿ ಇಳಿದರು.

ಪುತ್ತೂರಿಗೆ ಬಂದು ಕೆಂಪು ದೀಪದ ಕೆಳಗೆ ತೊಳೆದಾಗ ಆ ಕೊನೆಯ ಸ್ಲೈಡಿನ ಮೊದಲ ಪ್ಲೇಟಿನಲ್ಲಿ ಏನೂ ಬರಲಿಲ್ಲ. ಬರೀ ಗಾಜು. ಹೊಸ ಪ್ಲೇಟು ಹೊಸತಾಗಿಯೇ ಉಳಿದಿತ್ತು. ಇನ್ನೊಂದನ್ನು ತಟ್ಟೆಗೆ ಹಾಕಿದೆ. ಬೆಟ್ಟದ ಸಾಲು ಬಂತು, ಒಣಮರ ಬಂತು. ಆಮೇಲೆ ಕೆಳಗಿನ ಇಳಿಜಾರಿನ ಕತ್ತಲಲ್ಲಿ ಅವಳು ಬಂದಳು. ಹುಡುಗಿಗೆ ಉದ್ದಕ್ಕೆ ಇಟ್ಟ ಪ್ಲೇಟನ್ನು ಬೆಟ್ಟಕ್ಕೆ ಅಡ್ಡಕ್ಕೆ ಇಟ್ಟಿದ್ದೆನಲ್ಲ. ಕುರ್ಚಿಯಲ್ಲಿ ಕುಳ್ಳಿರಿಸಿದ್ದ ಹುಡುಗಿ ಈಗ ಬೆಟ್ಟದ ಬುಡದಲ್ಲಿ ಮದುವೆಯ ಸೀರೆ ಉಟ್ಟು ಕಣ್ಣು ಮುಚ್ಚಿ ಮಲಗಿದ್ದಳು. ಕಿವಿಯ ಪಕ್ಕದಲ್ಲಿ ನಾಲ್ಕು ಬೆರಳು, ಬೆರಳುಗಳ ನಡುವಿನಿಂದ ಒಣಮರದ ಕೊಂಬೆಗಳು.

ಒಂದು ಮಾತನ್ನು ಹೇಳದೆ ಇದನ್ನು ಬರೆಯುವುದರಲ್ಲಿ ಅರ್ಥವಿಲ್ಲ. ನನಗೆ ಮೊದಲು ಬಂದದ್ದು ಸಂತೋಷ. ಎಂಥ ಚಿತ್ರ ಎಂದುಕೊಂಡೆ. ಅವಳ ತಂದೆತಾಯಿ ನೆನಪಾದದ್ದು ಅದಾದ ಮೇಲೆ. ನನ್ನ ಬಗ್ಗೆ ನನಗೆ ಹೇಸಿಗೆ ಹುಟ್ಟಿದ್ದು ಅಂದಿನಿಂದ.

ಕಾಕನನ್ನು ಒಳಗೆ ಕರೆದು ತೋರಿಸಿದೆ. ಅವರು ಪ್ಲೇಟನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನು ಹೀಗೆಯೇ ಕೊಡಿ. ತಪ್ಪಾಯ್ತು ಅಂತ ಹೇಳಿ. ಆ ಅಮ್ಮನಿಗೆ ಗುಡ್ಡ ಕಂಡರೆ ಎಂತ, ಮರ ಕಂಡರೆ ಎಂತ? ಮಗಳು ಉಂಟಲ್ಲ, ಅವರ ಕೈ ಉಂಟಲ್ಲ?"

"ನನ್ನ ಬೋರ್ಡು ಇಳಿಸಬೇಕಾಗ್ತದೆ ಮತ್ತೆ. ನಿಮಗೆ ಪಂಚರ್ ಹಾಕುದು ಗೊತ್ತು, ಅಷ್ಟೇ ಮಾಡಿ" ಎಂದುಬಿಟ್ಟೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಕಾಕ ಪ್ಲೇಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೋದರು. ಮತ್ತೆ ನನ್ನ ಬೋರ್ಡಿನ ಬಗ್ಗೆ ಅವರು ಯಾವತ್ತೂ ನಗಲಿಲ್ಲ.

ನಾನು ತಿದ್ದಲು ಕುಳಿತೆ. ಮುಖವಿರುವಷ್ಟು ಭಾಗವನ್ನು ನೆಟ್ಟಗೆ ತಿರುಗಿಸಿ ದೊಡ್ಡದು ಮಾಡಿದರೆ ಬೆಟ್ಟ ಹೊರಗೆ ಹೋಗುತ್ತದೆ. ಹಣೆಯ ಮೇಲೆ ಬಿದ್ದ ಕಾಡಿನ ಗೆರೆಗಳನ್ನು ಪೆನ್ಸಿಲಿನಿಂದ ಮುಚ್ಚಬಹುದು, ಮುಚ್ಚಿದೆ. ಉಳಿದದ್ದು ಒಣಮರ. ಅದು ಬೆರಳುಗಳಿಗೆ ಹೆಣೆದುಕೊಂಡಿತ್ತು. ಬೆರಳು ಉಳಿಸಿದರೆ ಕೊಂಬೆ ಉಳಿಯುತ್ತದೆ, ಕೊಂಬೆ ಕಂಡರೆ ಅಂಗಳದಲ್ಲಿ ಒಣಮರ ಎಲ್ಲಿಂದ ಬಂತು ಎಂದು ಯಾರಾದರೂ ಕೇಳುತ್ತಾರೆ. ಪ್ಲೇಟಿನ ಹಿಂಬದಿಗೆ ಕೆಂಪು ಬಣ್ಣ ಬಳಿದರೆ ಅಲ್ಲಿ ಬೆಳಕು ದಾಟುವುದಿಲ್ಲ, ಕಾಗದದ ಮೇಲೆ ಆ ಜಾಗ ಬೆಳ್ಳಗಾಗುತ್ತದೆ. ಸಣ್ಣ ಕುಂಚ ತೆಗೆದುಕೊಂಡು ಮರದ ಜೊತೆಗೆ ನಾಲ್ಕು ಬೆರಳುಗಳನ್ನೂ ಒಂದೊಂದಾಗಿ ಮುಚ್ಚಿದೆ. ಕೆಲಸ ಬಹಳ ನಾಜೂಕಾಗಿ ಬಂತು. ಕೈಯಲ್ಲಿ ವಿದ್ಯೆ ಇತ್ತು, ಅದರಲ್ಲಿ ಸಂಶಯವಿಲ್ಲ.

ಬೊಜ್ಜದ ದಿನ ಫೋಟೋಕ್ಕೆ ಕಟ್ಟು ಹಾಕಿಸಿ ಆಲಂಕಾರಿಗೆ ಕೊಂಡುಹೋದೆ. ಚಪ್ಪರದಡಿಯಲ್ಲಿ ಜನ ಸೇರಿದ್ದರು. ತಂದೆ ಫೋಟೋ ನೋಡಿ ಎಲ್ಲರಿಗೂ ತೋರಿಸಿದರು. "ಚಂದ ಬಂದಿದೆ. ನಿದ್ದೆ ಬಂದ ಹಾಗೆಯೇ ಉಂಟು" ಎಂದರು. ಸುಳ್ಯದಿಂದ ಬಂದ ನೆಂಟರೊಬ್ಬರು, ಪುತ್ತೂರಿನಲ್ಲಿ ಇಂಥ ಕೆಲಸ ಮಾಡುವವರು ಉಂಟಾ ಎಂದು ನನ್ನ ವಿಳಾಸ ಕೇಳಿಕೊಂಡರು. ಆಮೇಲೆ ಫೋಟೋವನ್ನು ಒಳಗೆ ತಾಯಿಯ ಹತ್ತಿರ ಕೊಂಡುಹೋದರು.

ಸ್ವಲ್ಪ ಹೊತ್ತಿನಲ್ಲಿ ತಾಯಿಯೇ ಬಾಗಿಲಿಗೆ ಬಂದರು. ಫೋಟೋವನ್ನು ಎದೆಗೆ ಆನಿಸಿ ಹಿಡಿದಿದ್ದರು. ಅಳುತ್ತಿರಲಿಲ್ಲ.

"ನನ್ನ ಕೈ ಎಲ್ಲಿ?" ಎಂದು ಕೇಳಿದರು.

ತಪ್ಪಾಯಿತು ಎಂಬ ಒಂದು ಶಬ್ದ ನಾಲಿಗೆಯ ತನಕ ಬಂದಿತ್ತು. ಸುತ್ತಲೂ ಜನ. ವಿಳಾಸ ಕೇಳಿದವರು ಪಕ್ಕದಲ್ಲೇ ನಿಂತಿದ್ದರು.

"ಅಳಿಸಿದೆ ಅಮ್ಮ. ಕೈ ಕಂಡರೆ ಚಂದ ಕಾಣುದಿಲ್ಲ. ಎಲ್ಲರೂ ಅಳಿಸುದೇ ಕ್ರಮ" ಎಂದೆ.

"ಅಳಿಸಬೇಡಿ ಅಂತ ಹೇಳಿದ್ದೆ."

ಅವರು ಫೋಟೋವನ್ನು ಮತ್ತೊಮ್ಮೆ ನೋಡಿದರು. ಕಿವಿಯ ಪಕ್ಕದ ಬಿಳಿ ಜಾಗದ ಮೇಲೆ ತಮ್ಮ ನಾಲ್ಕು ಬೆರಳುಗಳನ್ನು, ಅವು ಎಲ್ಲಿದ್ದವೋ ಅಲ್ಲಿಯೇ, ಸರಿಯಾಗಿ ಇಟ್ಟರು.

"ಮತ್ತೆ ಇವಳ ತಲೆ ಯಾರು ಹಿಡ್ಕೊಂಡದ್ದು?" ಎಂದು ಕೇಳಿದರು. ನನ್ನನ್ನು ಕೇಳಿದ್ದೋ ಅಲ್ಲವೋ ಗೊತ್ತಾಗಲಿಲ್ಲ. ಆಮೇಲೆ, ಊಟ ಮಾಡಿ ಹೋಗಿ ಎಂದು ಹೇಳಿ ಒಳಗೆ ಹೋದರು. ನಾನು ಪಂಕ್ತಿಯಲ್ಲಿ ಕುಳಿತು ಉಂಡೆ.

ಪ್ರದರ್ಶನಕ್ಕೆ ನಾನು ಏನನ್ನೂ ಕಳುಹಿಸಲಿಲ್ಲ. ಇದನ್ನು ಯಾರೂ ತ್ಯಾಗವೆಂದು ತಿಳಿಯಬಾರದು. ಉಳಿದ ನಾಲ್ಕು ಪ್ಲೇಟುಗಳಲ್ಲಿ ಕಾಕ ಹೇಳಿದ ಹಾಗೆ ಎಂತದೂ ಕಾಣುತ್ತಿರಲಿಲ್ಲ, ಬರೀ ಬಿಳುಪು. ಒಂದು ವಾರ ಕಳೆದು ಹುಡುಗಿಯ ಪ್ಲೇಟನ್ನು ಬಾಲ್ದಿಯ ನೀರಿನಲ್ಲಿ ಅದ್ದಿ ಹತ್ತಿಯಿಂದ ಮೆಲ್ಲಗೆ ಒರೆಸಿದೆ. ಕೆಂಪು ಬಣ್ಣ ನೀರಿಗೆ ಬಿಟ್ಟುಕೊಂಡಿತು. ಕೊಂಬೆಗಳು ಬಂದವು, ಬೆರಳುಗಳೂ ಬಂದವು. ಪೂರ್ತಿ ಚಿತ್ರದ ಒಂದು ಪ್ರತಿ ಮಾಡಿ ಕವರಿನಲ್ಲಿ ಹಾಕಿದೆ. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕು ಎಂದು ಕವರನ್ನು ಕ್ಯಾಮರಾದ ಚೀಲದಲ್ಲೇ ಇಟ್ಟುಕೊಂಡೆ. ಕರಿ ನೂಲಿನ ಹೊಸ ಉಂಡೆಯೊಂದನ್ನೂ ಕೊಂಡೆ.

ಅರವತ್ತರ ದಶಕದಲ್ಲಿ ಕಡಬದ ಕಡೆ ಮದುವೆಗಳಿಗೆ ಎಷ್ಟೋ ಸಲ ಹೋದೆ. ಪ್ರತಿ ಸಲವೂ ಬಸ್ಸು ಆಲಂಕಾರಿನಲ್ಲಿ ನಿಲ್ಲುತ್ತಿತ್ತು. ಜನ ಜಾಸ್ತಿ, ಹೊತ್ತಾಯಿತು, ಮಳೆ ಬಂತು ಎಂದು ಪ್ರತಿ ಸಲಕ್ಕೂ ಒಂದೊಂದು ನೆಪ ಸಿಗುತ್ತಿತ್ತು. ಒಂದು ಸಂಜೆ ಮಬ್ಬಿನಲ್ಲಿ ಆ ತಾಯಿಯೇ ರಸ್ತೆ ಬದಿಯಲ್ಲಿ ನಿಂತಿದ್ದರು. ಕೈಯಲ್ಲೊಂದು ಬುಟ್ಟಿ, ತಲೆ ಪೂರ್ತಿ ನೆರೆತಿತ್ತು. ನನ್ನ ಕಿಟಕಿಗೂ ಅವರಿಗೂ ಎರಡು ಮಾರು ದೂರ. ಚೀಲ ನನ್ನ ತೊಡೆಯ ಮೇಲಿತ್ತು. ಇಳಿಯುವವರು ಉಂಟಾ ಎಂದು ಕಂಡಕ್ಟರ್ ಕೂಗಿದ. ನಾನು ನಿದ್ದೆ ಬಂದವನಂತೆ ತಲೆ ಬಗ್ಗಿಸಿ ಕುಳಿತೆ. ಬಸ್ಸು ಹೊರಟಿತು. ಕವರು ಈಗಲೂ ನನ್ನಲ್ಲೇ ಇದೆ.